ಸದ್ದು ಮಾಡದ ಕಾಯಿ

ಮೊನ್ನೆ ಊರಿನಿಂದ ಬಂದ ದೊಡ್ಡಮ್ಮನ ಮಗ ಬಾಗಿಲಲ್ಲೇ ಒಂದು ಚೀಲ ಇಳಿಸಿ, ಕಡೂರಿನ ಬಸ್ಸಿಗೆ ಹೊತ್ತಾಯಿತೆಂದು ಓಡಿದ. ಬಿಚ್ಚಿದರೆ ಐದು ಕೊಬ್ಬರಿ ಕಾಯಿ, ಅಟ್ಟದ ಹೊಗೆಯ ವಾಸನೆ. ನಾನೋ, ಮಾಡುವ ಕೆಲಸ ಬಿಟ್ಟು ಒಂದೊಂದನ್ನೇ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತ ಕೂತೆ. ನೋಡಿದವರು ಏನೆಂದುಕೊಂಡಾರು ಹೇಳಿ.

ಹಿರೇನಲ್ಲೂರಿನ ದೊಡ್ಡಮ್ಮನ ಮನೆಯಲ್ಲಿದ್ದುಕೊಂಡೇ ನಾನು ಕಡೂರಿನ ಕಾಲೇಜಿಗೆ ಹೋಗಿಬರುತ್ತಿದ್ದವಳು. ಅಟ್ಟದಲ್ಲಿ ವರ್ಷವಿಡೀ ಒಣಗಿದ ಕಾಯಿಗಳನ್ನು ಇಳಿಸಿದಾಗ ಅವಳು ಪ್ರತಿಯೊಂದನ್ನೂ ಅಲ್ಲಾಡಿಸುವಳು. ಗಡಗಡ ಎಂದರೆ ಕೊಬ್ಬರಿ ಚಿಪ್ಪು ಬಿಟ್ಟಿದೆ, ಒಡೆಯಬಹುದು. ಸದ್ದಿಲ್ಲದ ಕಾಯಿಯನ್ನು ನಾನೊಮ್ಮೆ ಹಾಳೆಂದು ತಿಪ್ಪೆಗೆ ಎಸೆದಿದ್ದೆ.

"ಲೇ, ಸದ್ದು ಮಾಡ್ಲಿಲ್ಲ ಅಂದ್ರೆ ಕೆಟ್ಟೋಯ್ತು ಅಂತಲ್ಲ ಕಣೇ. ಒಳಗೆ ಇನ್ನೂ ಚಿಪ್ಪು ಹಿಡ್ಕೊಂಡೈತೆ. ತಂದು ಮ್ಯಾಲಿಡು" ಎಂದಳು.

ಈಗ ನನ್ನ ಸಂಶೋಧನೆಯ ಕೆಲಸವೂ ಹೆಚ್ಚುಕಡಿಮೆ ಅದೇ. ಜೀವಕೋಶದೊಳಗೆ ಮೈಕ್ರೊಟ್ಯೂಬ್ಯೂಲ್ ಎಂಬ ಅತಿಸಣ್ಣ ಕೊಳವೆಗಳಿವೆ. ಯಾವ ಪ್ರೊಟೀನು ಅವನ್ನು ಹಿಡಿದುಕೊಳ್ಳುತ್ತದೆಂದು ಕಂಪ್ಯೂಟರಿನಿಂದ ಊಹಿಸಬೇಕು. ಹಿಡಿಯುವವನ್ನೂ ಹಿಡಿಯದವನ್ನೂ ತೋರಿಸಿ ಅದಕ್ಕೆ ಪಾಠ ಹೇಳಬೇಕು. ಯಾರೂ ಪರೀಕ್ಷಿಸದ ಪ್ರೊಟೀನುಗಳನ್ನೆಲ್ಲ ನಾನು ಹಿಡಿಯದವುಗಳ ಪಟ್ಟಿಗೆ ತುಂಬಿಬಿಟ್ಟಿದ್ದೆ. ಕಂಪ್ಯೂಟರು ನನ್ನ ಶಿಷ್ಯ ತಾನೆ, ಗಟ್ಟಿಯಾಗಿ ಹಿಡಿಯುವವನ್ನೂ ತಳ್ಳಿಹಾಕತೊಡಗಿತು.

"ಇದುವರೆಗೆ ಯಾರೂ ನೋಡಿಲ್ಲ, ಅಷ್ಟೇ. ಹಿಡಿಯೋದಿಲ್ಲ ಅಂತ ನಿನಗೆ ಯಾರಮ್ಮ ಹೇಳಿದ್ದು?" ಎಂದರು ನನ್ನ ಗೈಡ್. ದೊಡ್ಡಮ್ಮನ ತಿಪ್ಪೆ ನೆನಪಾಗಿ ನಾಚಿಕೆಯಾಯಿತು.

ನೆನಪಾದರೇನು, ಅವಳಿಗೆ ಹೇಳುವ ಹಾಗಿರಲಿಲ್ಲ. ನನಗೆ ತರೀಕೆರೆಯ ಸಂಬಂಧವೊಂದನ್ನು ನೋಡಿ ಅವಳು ಮಾತು ಕೊಟ್ಟಿದ್ದಳು. ನಾನು ಓದುತ್ತೇನೆಂದು ಹಟ ಹಿಡಿದೆ. "ನಾಲ್ಕು ಜನದ ಮುಂದೆ ನನ್ನ ಮಾತು ಕಳೆದ್ಬಿಟ್ಟೆ" ಎಂದವಳು ಮತ್ತೆ ನಾಲ್ಕು ವರ್ಷ ಬಾಯಿ ಬಿಡಲಿಲ್ಲ. ನಾನೇನು ಕಡಿಮೆಯೇ, ಫೋನ್ ಮಾಡಲಿಲ್ಲ. ನನ್ನನ್ನು ಬಿಟ್ಟೇಬಿಟ್ಟಳು ಎಂದುಕೊಂಡೆ. ತಲೆಗೆ ಎಣ್ಣೆ ತಟ್ಟುತ್ತ ಅವಳು ಬೈಯುತ್ತಿದ್ದಳಲ್ಲ, ಆ ಬೈಗುಳಕ್ಕಾಗಿ ಎಷ್ಟು ಹಂಬಲಿಸಿದ್ದೇನೆಂದು ನನಗೊಬ್ಬಳಿಗೇ ಗೊತ್ತು.

ನಾಲ್ಕು ಕಾಯಿ ಗಡಗಡ ಎಂದವು. ಐದನೆಯದು ತೆಪ್ಪಗಿತ್ತು. ಮತ್ತೆ ಮತ್ತೆ ಅಲ್ಲಾಡಿಸಿದೆ. ದೊಡ್ಡಮ್ಮನ ಕಿವಿ ತಪ್ಪಿದ್ದನ್ನು ನಾನು ಒಮ್ಮೆಯೂ ಕಂಡವಳಲ್ಲ. ಫೋನ್ ಮಾಡಿದೆ.

"ದೊಡ್ಡಮ್ಮ, ಒಂದು ಕಾಯಿ ಸದ್ದೇ ಮಾಡ್ತಿಲ್ಲ."



"ಗೊತ್ತು ಕಣೇ. ನಾನೇ ನೋಡಿ ಹಾಕಿದ್ದು. ಒಡೀಬ್ಯಾಡ, ಇಟ್ಕೋ."

ಅದೀಗ ನನ್ನ ಕಂಪ್ಯೂಟರಿನ ಪಕ್ಕದಲ್ಲಿದೆ. ದಿನಕ್ಕೊಮ್ಮೆ ಎತ್ತಿ ಅಲ್ಲಾಡಿಸುತ್ತೇನೆ, ಸದ್ದು ಬಾರದಿರಲಿ ಎಂದು.