ರಾಜನ ಒಂದು ನೆಗೆತ

ಕಳೆದ ವಾರ ಗಾದಿ ತುಂಬುವವರು ಮನೆಗೆ ಬಂದಿದ್ದರು. ಹಳೆಯ ಹತ್ತಿಯನ್ನು ಬಿಡಿಸುತ್ತಿದ್ದಂತೆ ಒಣ ಧೂಳಿನ ವಾಸನೆ ಒಳಗೆಲ್ಲ ಹರಡಿತು. ನಲವತ್ತು ವರ್ಷಗಳ ಹಿಂದೆ ದಾವಣಗೆರೆಯಲ್ಲಿ ನಮ್ಮ ಪಕ್ಕದ ಮನೆಯಲ್ಲಿ ಸದಾ ಇರುತ್ತಿದ್ದ ವಾಸನೆ ಅದು. ಅವರದು ಗಾದಿ ಅಂಗಡಿ. ಗಾದಿಯ ಚೀಲ ಹೊಲಿಯುತ್ತಿದ್ದ ಆ ಮನೆಯೊಡತಿಯನ್ನು ಓಣಿಯವರೆಲ್ಲ ಚಿಕ್ಕಮ್ಮ ಎಂಬರ್ಥದಲ್ಲಿ ಖಾಲಾ ಎನ್ನುತ್ತಿದ್ದೆವು.

ಖಾಲಾಗೆ ಓದು ಬರುತ್ತಿರಲಿಲ್ಲ, ಚದುರಂಗ ಬರುತ್ತಿತ್ತು. ತಂದೆಯಿಂದ ಕಲಿತ ಹಳೆಯ ಆಟ. ಅದರಲ್ಲಿ ಪದಾತಿ ಒಂದೊಂದೇ ಮನೆ ನಡೆಯಬೇಕು, ರಾಜ ಮಾತ್ರ ಆಟಕ್ಕೊಂದು ಸಲ ಕುದುರೆಯಂತೆ ನೆಗೆಯಬಹುದು. ಕಾಲೇಜಿನಲ್ಲಿ ನಾನು ಕಲಿತ ಹೊಸ ಆಟದಲ್ಲಿ ಪದಾತಿ ಮೊದಲ ಸಲ ಎರಡು ಮನೆ ಹೋಗಬಹುದು, ರಾಜನಿಗೆ ನೆಗೆತವಿಲ್ಲ. ಇಬ್ಬರೂ ಆಡಲು ಕೂತ ಮೊದಲ ದಿನವೇ ವಾದವಾಯಿತು.

"ನಿಂದೊಂದು, ನಂದೊಂದು ತಗಳಾಣ," ಎಂದರು ಖಾಲಾ. "ಪದಾತಿ ನಿನ್ನಂಗೆ ಹೋಗ್ಲಿ. ರಾಜ ನನ್ನಂಗೆ ನೆಗೀಲಿ. ಅದೊಂದು ಬಿಡು ಅನ್ನಬ್ಯಾಡ."

ಎರಡು ವರ್ಷ ಹಾಗೇ ಆಡಿದೆವು. ನಾನು ಗೆದ್ದದ್ದು ನಾಲ್ಕೋ ಐದೋ ಸಲ...

ಹರಿಹರದಲ್ಲಿ ಹೆಂಗಸರ ಚದುರಂಗ ಸ್ಪರ್ಧೆ ಇದೆಯೆಂದು ತಿಳಿದಾಗ ಅವರ ಗಂಡನನ್ನು ಒಪ್ಪಿಸಿ ನಾನೇ ಕರೆದುಕೊಂಡು ಹೋದೆ. ಅಲ್ಲಿ ಹೊಸ ನಿಯಮ ಎಂದು ಬಸ್ಸಿನಲ್ಲಿ ಹೇಳಿದೆ. "ಸ್ವಲ್ಪ ವ್ಯತ್ಯಾಸ, ಅಷ್ಟೇ" ಎಂದೆ. ನೆಗೆತದ ಮಾತು ಎತ್ತಲಿಲ್ಲ. ಎತ್ತಿದರೆ ಮುಂದಿನ ನಿಲ್ದಾಣದಲ್ಲೇ ಇಳಿದುಬಿಟ್ಟಾರೆಂಬ ಭಯ.

ಎರಡು ಆಟ ಗೆದ್ದರು. ಮೂರನೆಯದರಲ್ಲಿ ಇಕ್ಕಟ್ಟಿಗೆ ಸಿಕ್ಕಾಗ ಅವರ ಕೈ ತಾನಾಗಿ ರಾಜನನ್ನು ಎತ್ತಿ ಕುದುರೆಯಂತೆ ನೆಗೆಸಿತು. ಎದುರಿಗಿದ್ದ ಹೆಂಗಸು ನಕ್ಕಳು. ನೋಡುತ್ತಿದ್ದವರೂ ನಕ್ಕರು.

"ಇದ್ಯಾವ ಆಟ ರೀ?" ಎಂದರು ತೀರ್ಪುಗಾರರು.

ಖಾಲಾ ನನ್ನ ಕಡೆ ಕೈ ತೋರಿಸಿದರು. "ನಾವಿಬ್ರೂ ಹಿಂಗೇ ಆಡೋದ್ರಿ. ಕೇಳ್ರಿ ಆಕೀನ."

ಎಲ್ಲರೂ ನನ್ನತ್ತ ತಿರುಗಿದರು. ನನ್ನ ಕಾಲೇಜಿನ ಗೆಳತಿಯರೂ ಇದ್ದರು. "ನಾನು ಹೇಳಿಕೊಟ್ಟದ್ದು ಹೊಸ ನಿಯಮವೇ," ಎಂದೆ. "ಅವರಿಗೆ ಮರೆತಿರಬೇಕು."

ಮುಟ್ಟಿದ ಕಾಯಿಯನ್ನೇ ನಡೆಸಬೇಕೆಂದು ತೀರ್ಪುಗಾರರು ಹೇಳಿದಾಗ ಖಾಲಾ ರಾಜನನ್ನು ಒಂದು ಮನೆ ಸರಿಸಿದರು. ಮುಂದಿನ ನಡೆಯಲ್ಲೇ ಸೋತರು. ವಾಪಸು ಬರುವಾಗ ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು. ಆಮೇಲೆ ನಾನು ಆಟಕ್ಕೆ ಹೋದಾಗಲೆಲ್ಲ, "ಕೆಲ್ಸ ಐತವ್ವ," ಎನ್ನುತ್ತಿದ್ದರು. ನಾನೂ ಹೋಗುವುದನ್ನು ಬಿಟ್ಟೆ.

ಮದುವೆಯಾಗಿ ಹರಿಹರಕ್ಕೇ ಬಂದೆ. ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿ... ಕ್ಷಮೆ ಕೇಳಲು ಹೋಗಬೇಕೆಂದುಕೊಂಡೇ ವರ್ಷಗಳು ಹೋದವು. ಒಮ್ಮೆ ಸಂತೆಯಲ್ಲಿ ಅವರ ಮಗಳು ಸಿಕ್ಕಳು. ಖಾಲಾ ತೀರಿಕೊಂಡು ಆಗಲೇ ಎಂಟು ತಿಂಗಳಾಗಿತ್ತು.

"ನನ್ನ ಮಗಳ ಕೈಲಿ ಪುಸ್ತಕ ಓದಿಸಿ ಅಮ್ಮಿ ಹೊಸ ಆಟ ಪೂರಾ ಕಲ್ತಿದ್ರು ರೀ," ಎಂದಳು. "ನೀವು ಬಂದ್ರೆ ಇನ್ನು ತಪ್ಪು ಆಡಲ್ಲ ಅಂತಿದ್ರು."

ಸ್ಪರ್ಧೆಯ ದಿನ ಅವರಿಗಿದ್ದ ವಯಸ್ಸನ್ನು ನಾನೀಗ ದಾಟಿದ್ದೇನೆ. ಅವತ್ತು ನಾನು ಹೌದು ಎಂದಿದ್ದರೂ ಖಾಲಾ ಆಟ ಸೋಲುತ್ತಿದ್ದರು. ಆದರೆ ಒಬ್ಬರೇ ಸೋಲುತ್ತಿರಲಿಲ್ಲ.