ಜೂಮ್ ಇಲ್ಲದ ಲೆನ್ಸು

ಲೆನ್ಸಿನ ಒಳಗೆ ಬೂಷ್ಟು ಹಿಡಿದಿರಬಹುದಿತ್ತು. ಅದರ ಹಿಂಬದಿ ನನ್ನ ಕ್ಯಾಮೆರಾದ ಬಾಯಿಗೆ ಕೂಡದೆ ಹೋಗಬಹುದಿತ್ತು. ಬಾದಾಮಿಯ ಮಂಗವೊಂದು ಅದನ್ನು ಕಸಿದುಕೊಂಡು ಗುಡ್ಡ ಹತ್ತಿ, ಇದು ತಿನ್ನುವ ಪದಾರ್ಥವಲ್ಲವೆಂದು ತಿಳಿದ ಮೇಲೆ ಅಲ್ಲಿಂದಲೇ ಕೆಳಕ್ಕೆ ಎಸೆಯಬಹುದಿತ್ತು. ಬಸ್ಸು ಹುನಗುಂದದ ಹತ್ತಿರ ಎತ್ತಿ ಹಾಕಿದಾಗ ತೊಡೆಯ ಮೇಲಿನ ಚೀಲ ಉರುಳಬಹುದಿತ್ತು. ಉರುಳದಿದ್ದರೆ ಕಿಟಕಿಯಿಂದ ಬಂದ ಎರೆಮಣ್ಣಿನ ಧೂಳು ಗಾಜಿನ ಮೇಲೆ ಕೂಡಬಹುದಿತ್ತು. ಕೂತ ಧೂಳನ್ನು ನಾನು ಅಂಗಿಯ ತುದಿಯಿಂದ ಒರೆಸಿ ಗೀರು ಹಾಕಬಹುದಿತ್ತು. ಇಳಕಲ್ಲಿನಲ್ಲಿ ಕರೆಂಟು ಹೋಗಬಹುದಿತ್ತು, ಬ್ಯಾಟರಿ ಮುಗಿಯಬಹುದಿತ್ತು, ಕಾರ್ಡು ಮನೆಯಲ್ಲೇ ಉಳಿಯಬಹುದಿತ್ತು. ಹೀಗೆ ಹದಿನೇಳು ಸಂಗತಿಗಳನ್ನು ನಾನು ಯಾರದೋ ಲಗ್ನಪತ್ರಿಕೆಯ ಹಿಂಬದಿಯಲ್ಲಿ ಬರೆದುಕೊಂಡಿದ್ದೆ. ಹದಿನೇಳನೆಯದು ಒಂದೇ ಪದ: ಅಕ್ಕ. ಅದರ ಮುಂದೆ ಏನೂ ಬರೆದಿರಲಿಲ್ಲ.

ನಗಬೇಡಿ. ಚಿಂತೆ ಮಾಡುವುದು ಕೆಲವರಿಗೆ ದುರಭ್ಯಾಸ, ನನಗೆ ಅದು ವಿಭೂತಿ ಹಚ್ಚಿದಷ್ಟೇ ನಿತ್ಯದ ನೇಮ. ಬಾಗಲಕೋಟೆಯ ಕಾಲೇಜೊಂದರಲ್ಲಿ ಗ್ರಂಥಪಾಲಕನಾಗಿ ಇಷ್ಟು ವರ್ಷ ಕಳೆದೆ. ಹೊರಗೆ ಹೋದ ಪುಸ್ತಕ ಮರಳಿ ಬರಲಿಕ್ಕಿಲ್ಲವೆಂದು ಚಿಂತಿಸುವುದಕ್ಕೇ ಸರಕಾರ ನನಗೆ ಸಂಬಳ ಕೊಡುತ್ತದೆಂಬ ಭಾವನೆ ನನ್ನದು. ಐವತ್ತರ ಹೊಸ್ತಿಲಲ್ಲಿ, ವೈದ್ಯರು ಏನಾದರೂ ಹವ್ಯಾಸ ಇಟ್ಟುಕೊಳ್ಳಿ ಎಂದಾಗ, ಕನ್ನಡಿಯಿಲ್ಲದ ಹೊಸ ಮಾದರಿಯ, ಮಿರರ್‌ಲೆಸ್ ಎನ್ನುವ ಕ್ಯಾಮೆರಾ ಕೊಂಡೆ. ಚಿಂತೆ ಕಡಿಮೆಯಾಗಲೆಂದು ಕೊಂಡದ್ದು. ಚಿಂತೆಗೆ ಹೊಸದೊಂದು ಕೋಣೆ ಕಟ್ಟಿಸಿಕೊಟ್ಟಂತಾಯಿತು.

ಕ್ಯಾಮೆರಾದ ಜೊತೆಗೆ ಬಂದದ್ದು ಜೂಮ್ ಲೆನ್ಸು. ಒಳ್ಳೆಯದೇ, ಕೂತಲ್ಲಿಂದಲೇ ಹತ್ತಿರವನ್ನೂ ದೂರವನ್ನೂ ತೋರಿಸುತ್ತದೆ. ಆದರೆ ಎಲ್ಲರನ್ನೂ ಮೆಚ್ಚಿಸಹೊರಟವರ ಹಾಗೆ ಅದಕ್ಕೂ ಒಂದು ಕೊರತೆ. ಬೆಳಕು ಒಳಗೆ ಬರುವ ಅದರ ಕಿಂಡಿ ಸಣ್ಣದು. ಬಯಲಲ್ಲಿ ನಡೆಯುತ್ತದೆ, ಅಕ್ಕನ ಮನೆಯ ಮಗ್ಗದ ಕೋಣೆಯಲ್ಲಿ ನಡೆಯುವುದಿಲ್ಲ. ಅಲ್ಲಿ ತೆಗೆದ ಚಿತ್ರಗಳೆಲ್ಲ ಮೇಲೆ ಜೋಳದ ನುಚ್ಚು ಚೆಲ್ಲಿದಂತೆ ಬರುತ್ತಿದ್ದವು. ನನಗೆ ಬೇಕಾದದ್ದು ದೊಡ್ಡ ಕಿಂಡಿಯ, ಜೂಮ್ ಇಲ್ಲದ, ಒಂದೇ ನೋಟಕ್ಕೆ ಕಟ್ಟುಬಿದ್ದ ಲೆನ್ಸು. ಪ್ರೈಮ್ ಎನ್ನುತ್ತಾರೆ ಅದಕ್ಕೆ. ಅದರಲ್ಲೂ ಗ್ರಂಥಪಾಲಕನ ಕೈಗೆ ಎಟುಕುವಂಥದ್ದು.

ಅಕ್ಕನ ಕೆಲಸದ ಬಗ್ಗೆ ಹೇಳಬೇಕು. ನೀಲಕ್ಕ ನನಗಿಂತ ಹನ್ನೆರಡು ವರ್ಷ ದೊಡ್ಡವಳು, ನನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು, ಇಳಕಲ್ಲಿನ ನೇಕಾರರ ಮನೆ ಸೇರಿದವಳು. ಅವಳ ಗಂಡ, ನಮ್ಮ ಮಾವ, ನೇಯುತ್ತಾರೆ, ಅಕ್ಕ ಕೂಡಿಸುತ್ತಾಳೆ. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು, ಅಂದರೆ ಮಗ್ಗಕ್ಕೆ ಕಟ್ಟುವ ಉದ್ದೆಳೆಗಳು, ಬೇರೆ, ಸೆರಗಿನ ಹಾಸು ಬೇರೆ. ಇವೆರಡನ್ನು ಮಗ್ಗದ ಮೇಲೆ, ಒಂದರ ಎಳೆಗೆ ಇನ್ನೊಂದರ ಎಳೆಯನ್ನು ಕೊಂಡಿ ಹಾಕಿ, ಒಂದೂ ತಪ್ಪದಂತೆ ಕೂಡಿಸಬೇಕು. ಉಟ್ಟವರಿಗೆ ಅದು ಕಾಣುವುದೇ ಇಲ್ಲ. ಕಂಡರೆ ಕೆಲಸ ಕೆಟ್ಟಿತೆಂದೇ ಅರ್ಥ. ಆ ಮನೆಯಲ್ಲಿ ಒಂದು ಕಟ್ಟುಪಾಡು ಇದೆ: ಕೂಡಿಸಲು ಕೂತವರನ್ನು ಯಾರೂ ಕರೆಯಬಾರದು. ಬಾಗಿಲಿಗೆ ಬೀಗರು ಬರಲಿ, ಒಲೆಯ ಮೇಲೆ ಹಾಲು ಉಕ್ಕಲಿ, ಕೊನೆಯ ಎಳೆ ಕೂಡುವ ತನಕ ಅವರ ಹೆಸರು ಯಾರ ಬಾಯಲ್ಲೂ ಬರಬಾರದು.

ಅಂಥ ಅಕ್ಕನ ಕಣ್ಣುಗಳಿಗೆ ಪೊರೆ ಬಂತು. ಎರಡೆಳೆ ಅದಲುಬದಲಾಗಿ, ನೇಯ್ದದ್ದನ್ನು ಬಿಚ್ಚಬೇಕಾದ ದಿನ ಅಕ್ಕ ತಾನಾಗಿ ನನಗೆ ಫೋನು ಮಾಡಿ, "ತಮ್ಮಾ, ದವಾಖಾನಿಗೆ ಕರ್ಕೊಂಡ ಹೋಗು," ಎಂದಳು. ಬೇಡಿ ಗೊತ್ತಿಲ್ಲದ ಅಕ್ಕ ಬೇಡಿದ್ದೇ ನನಗೆ ಅರ್ಧ ಜ್ವರ ತಂದಿತು.

ಬಾಗಲಕೋಟೆಯ ವೈದ್ಯರು ಎರಡೂ ಕಣ್ಣು ನೋಡಿ, ಮೊದಲು ಒಂದಕ್ಕೆ ಮಾಡೋಣ, ಪೊರೆ ತೆಗೆದು ಲೆನ್ಸು ಕೂಡಿಸೋಣ ಎಂದರು. ಕೈಗೆಟುಕುವ ಲೆನ್ಸು ಒಂದೇ ದೂರಕ್ಕೆ ಹೊಂದಿಸಿದ್ದು. ದೂರದ್ದು ಸ್ವಚ್ಛ ಕಾಣಬೇಕೋ ಹತ್ತಿರದ್ದೋ ಎಂದು ಮೊದಲೇ ಹೇಳಬೇಕು, ಇನ್ನೊಂದಕ್ಕೆ ಚಷ್ಮಾ. ಬಹಳ ಮಂದಿ ದೂರದ್ದನ್ನೇ ಕೇಳುತ್ತಾರೆ ಎಂದೂ ಹೇಳಿದರು. ನಾನು ಬಾಯಿ ಹಾಕಿದೆ. ದೂರದ್ದೇ ಇರಲಿ, ಬಸ್ಸಿನ ಬೋರ್ಡು, ಎದುರಿಗೆ ಬರುವ ವಾಹನ, ಮಂದಿಯ ಮುಖ, ಎಷ್ಟೆಲ್ಲ ಬೇಕು.

ಅಕ್ಕ ನನ್ನ ಕಡೆ ತಿರುಗಿದಳು. "ದೂರದ್ದು ಯಾರರ ಹೇಳತಾರ. ಎಳಿ ಯಾರ ಹೇಳತಾರೋ ನನಗ?"

"ಮತ್ತ ಮಂದಿ ಮಾರಿ?"

"ಸನೇಕ ಬಂದ್ರ ಕಾಣತಾವು. ಬರಲಿ ಸನೇಕ."

ವೈದ್ಯರು ನಗುತ್ತಾ ಬರೆದುಕೊಂಡರು. ಶಸ್ತ್ರಚಿಕಿತ್ಸೆಗೆ ತಿಂಗಳ ಮುಂದಿನ ದಿನ ಸಿಕ್ಕಿತು. ಐದು ನಿಮಿಷದಲ್ಲಿ ಅಕ್ಕ ತನ್ನ ಲೆನ್ಸು ಆರಿಸಿ ಎದ್ದಳು. ನಾನು ಆ ಇಡೀ ತಿಂಗಳು ನನ್ನದನ್ನು ಆರಿಸುತ್ತಾ ಕಳೆದೆ. ಶಸ್ತ್ರಚಿಕಿತ್ಸೆಗೆ ಮುಂಚೆ ಅಕ್ಕ ಕೂಡಿಸುವುದರ ಒಂದು ಒಳ್ಳೆಯ ಚಿತ್ರ ನನಗೆ ಬೇಕಾಗಿತ್ತು. ಯಾಕೆ ಮುಂಚೆ ಎಂಬುದನ್ನು ನಾನು ಯಾರಿಗೂ ಹೇಳಲಿಲ್ಲ, ಲಗ್ನಪತ್ರಿಕೆಯ ಹಿಂಬದಿಗೂ ಹೇಳಲಿಲ್ಲ.

ಪ್ರಶ್ನೆ ಇಷ್ಟೇ: ಮೂವತ್ತೈದು ಮಿಲಿಮೀಟರಿನ ಲೆನ್ಸೋ ಐವತ್ತರದ್ದೋ? ಐವತ್ತು ಅಗ್ಗ, ದೂರ ನಿಂತು ಮುಖವನ್ನು ತುಂಬಿಕೊಳ್ಳುತ್ತದೆ. ಆದರೆ ಸಣ್ಣ ಕೋಣೆಯಲ್ಲಿ ಹಿಂದೆ ಸರಿದು ಸರಿದು ಬೆನ್ನು ಗೋಡೆಗೆ ಹತ್ತಿದರೂ ಮಗ್ಗ ಚೌಕಟ್ಟಿನೊಳಗೆ ಬರುವುದಿಲ್ಲ. ಮೂವತ್ತೈದು ಸ್ವಲ್ಪ ತುಟ್ಟಿ, ನೋಟ ಅಗಲ. ಆದರೆ ಮುಖ ಬೇಕೆಂದರೆ ನಾವೇ ಹತ್ತಿರ ಹೋಗಬೇಕು, ಮತ್ತು ಹತ್ತಿರ ಹೋಗುವುದೆಂದರೆ ನನ್ನಂಥವನಿಗೆ ಮೊದಲಿನಿಂದಲೂ ಸಂಕೋಚ. ಊಟ ಮಾಡುತ್ತಾ ವೀಡಿಯೋ ನೋಡಿದೆ, ವೀಡಿಯೋ ನೋಡುತ್ತಾ ಊಟ ಮರೆತೆ. ಒಬ್ಬ ತಜ್ಞ ಚಿತ್ರದ ಮೂಲೆಗಳು ಮಸುಕಾಗುತ್ತವೆಂದ. ಮೂಲೆಯಲ್ಲಿ ಏನಿದೆಯೆಂದು ನನಗೆ ಗೊತ್ತಿಲ್ಲದಿದ್ದರೂ ಎರಡು ದಿನ ಮೂಲೆಗಳ ಚಿಂತೆ ಮಾಡಿದೆ.

ನನ್ನ ಹೆಂಡತಿ ರೊಟ್ಟಿ ಬಡಿಯುತ್ತಲೇ ಹೇಳಿದಳು, "ನನ್ನ ನೋಡಾಕ ಬಂದಾಗ ಅವಲಕ್ಕಿ ತಿನ್ನೂದ್ರಾಗ ಹೂಂ ಅಂದಿದ್ರಿ. ಈ ಗಾಜಿಗೆ ತಿಂಗಳ ಹಿಡೀತರಿ." ನಾನು ವೀಡಿಯೋದ ಸದ್ದು ತಗ್ಗಿಸಿದೆ.

ಕೊನೆಗೆ ಕೋಣೆಯನ್ನೇ ಕೇಳುವುದು ಮೇಲೆಂದು ಅಕ್ಕನಿಗೆ ಫೋನು ಮಾಡಿದೆ. ಗೋಡೆಯಿಂದ ಮಗ್ಗಕ್ಕೆ ಎಷ್ಟು ಜಾಗವಿದೆ?

"ಆರು ಮೊಳ ಐತಿ."

"ಅಂದಾಜ ಹೇಳಿದೇನ, ಅಳದ ಹೇಳಿದೇನ?"

"ಅಳದ ಹೇಳೀನಿ. ಕಣ್ಣ ಮಂಜಾದ್ರ ಮೊಳಕೈ ಸಣ್ಣ ಆಕ್ಕೈತೇನ?"

ನನಗೆ ಹೊಸ ಚಿಂತೆ: ಅಕ್ಕನ ಮೊಳ ನನ್ನ ಮೊಳವಲ್ಲ. ಹೆಂಡತಿಯನ್ನು ಹಿಟ್ಟಿನ ಕೈಯಲ್ಲೇ ಗೋಡೆಯ ಪಕ್ಕ ನಿಲ್ಲಿಸಿ, ಅವಳ ಮೊಳಕೈಯನ್ನು ಅಕ್ಕನದೆಂದು ಹಿಡಿದು, ಟೇಪು ಹಾಕಿ ಅಳೆದು, ನನ್ನ ಹೊಟ್ಟೆ ಹಿಡಿಯುವ ಜಾಗವನ್ನೂ ಪ್ರಾಮಾಣಿಕವಾಗಿ ಕಳೆದೆ. ಉಳಿದ ಜಾಗದಲ್ಲಿ ಐವತ್ತಕ್ಕೆ ನಿಲ್ಲಲು ಬರುವುದಿಲ್ಲ. ಮೂವತ್ತೈದು ಎಂದು ಆಯಿತು.

ಬಾದಾಮಿಯಲ್ಲಿ ಪ್ರವಾಸಿಗರ ಫೋಟೋ ತೆಗೆಯುವ ಪರಿಚಯದವನೊಬ್ಬನ ಬಳಿ ಬಳಸಿದ ಮೂವತ್ತೈದು ಇತ್ತು. ಸ್ಟೇಷನ್ನಿನಲ್ಲಿ ಇಳಿದು ಊರೊಳಗೆ ಹೋದೆ. ಅಂಗಡಿಯ ಮುಂದೆ ಲೆನ್ಸನ್ನು ಸೂರ್ಯನಿಗೆ ಹಿಡಿದೆ, ಟಾರ್ಚು ಬಿಟ್ಟೆ, ಮೂಗಿನ ಹತ್ತಿರ ಒಯ್ದು ವಾಸನೆಯನ್ನೂ ನೋಡಿದೆ. ಅವನು ಸಹಿಸಿಕೊಂಡು ಕೂತಿದ್ದ. "ಸರ, ಹೆಣ್ಣ ಕೊಡಾವ್ರೂ ಇಷ್ಟ ನೋಡೂದಿಲ್ರಿ," ಎಂದ. "ಕೇಳ್ರಿಲ್ಲೆ, ಐವತ್ತು ಮಾರಿಗಿ ಚಂದ, ಮೂವತ್ತೈದು ಮನಿಗಿ ಚಂದ. ನಿಮಗ ಬೇಕಾದ್ದು ಇದ."

"ಜೂಮ್ ಬೇಕನಿಸಿದ್ರ?"

"ದೇವರು ಕಾಲ ಕೊಟ್ಟಾನಲ್ರಿ."

ಎದುರು ಮಾಳಿಗೆಯಿಂದ ಮಂಗವೊಂದು ಇಳಿದು ನನ್ನ ಹತ್ತಿರವೇ ಬಂತು. ನಾನು ಲೆನ್ಸನ್ನು ಎದೆಗವಚಿಕೊಂಡೆ. ಅದು ಗಾಜಿನಲ್ಲಿ ತನ್ನ ಮುಖವನ್ನೋ ನನ್ನ ಗಾಬರಿಯನ್ನೋ ನಿಧಾನವಾಗಿ ನೋಡಿ, ಇಬ್ಬರಲ್ಲಿ ಯಾರೂ ಕೊಳ್ಳಲು ಯೋಗ್ಯರಲ್ಲವೆಂಬಂತೆ ಎದ್ದು ಹೋಯಿತು.

ಇಳಕಲ್ಲಿಗೆ ಹೊರಟ ದಿನ ಬಸ್ಸು ಎತ್ತಿ ಹಾಕಲಿಲ್ಲ. ಕಿಟಕಿಯ ಹೊರಗೆ ಎರೆಹೊಲಗಳು ಹಿಂದೆ ಹಿಂದೆ ಸರಿಯುತ್ತಿರುವಾಗ ನನಗೆ ಅನಿಸಿತು, ನಾವೆಲ್ಲ ಬಾಳಿನಿಂದ ಬೇಡುವುದು ಜೂಮ್ ಲೆನ್ಸನ್ನೇ ಅಲ್ಲವೇ? ಕೂತ ಕುರ್ಚಿ ಬಿಡದೆ, ಧೂಳು ತುಳಿಯದೆ, ಬೇಕಾದವರನ್ನು ಬೇಕಾದಾಗ ಹತ್ತಿರ ಎಳೆದುಕೊಂಡು, ಸಾಕೆನಿಸಿದಾಗ ದೂರ ತಳ್ಳುವ ಸೌಕರ್ಯ. ಅಕ್ಕನ ಜೊತೆ ನನ್ನ ಸಂಬಂಧವೂ ಎಷ್ಟೋ ವರ್ಷ ಹಾಗೇ ನಡೆದಿತ್ತು: ಹಬ್ಬಕ್ಕೊಂದು ಫೋನು, ಪಂಚಮಿಗೊಂದು ಸೀರೆಯ ದುಡ್ಡು, ವಿಚಾರಿಸಿದ ಸಮಾಧಾನ. ಅಕ್ಕ ಮಾತ್ರ ಬಡವರ ಲೆನ್ಸು ಆರಿಸಿಕೊಂಡು, ಬೇಕಾದವರು ಸನೇಕ ಬರಲಿ ಎಂದಿದ್ದಳು. ಬಾಗಲಕೋಟೆಯಿಂದ ಇಳಕಲ್ಲಿಗೆ ಎಷ್ಟು ಹೊತ್ತಿನ ದಾರಿ? ನಾನು ಅದನ್ನು ಎಷ್ಟು ಉದ್ದ ಮಾಡಿಕೊಂಡಿದ್ದೆ?

ಅಕ್ಕ ನನ್ನನ್ನು ಕಂಡದ್ದೇ, ಕ್ಯಾಮೆರಾದ ಚೀಲವನ್ನು ಕೈಯಿಂದ ಮುಟ್ಟಿ ನೋಡಿ ಕೇಳಿದಳು, "ಕಣ್ಣ ಹೋದ್ರ ಅಂತ ಫೋಟೋ ಹಿಡಿಯಾಕ ಬಂದಿ, ಹೌದಿಲ್ಲೋ?"

"ಹಂಗೇನಿಲ್ಲವಾ. ಹೊಸಾ ಲೆನ್ಸು..."

"ಸಣ್ಣಾವ ಇದ್ದಾಗೂ ನಿನಗ ಸುಳ್ಳ ಹೇಳಾಕ ಬರ್ತಿದ್ದಿಲ್ಲ. ಚಾ ಕುಡಿ. ಆಮ್ಯಾಲ ಸುಮ್ನ ನಿಂದ್ರಬೇಕ ನೋಡು."

ಕೂಡಿಸಲು ಕೂತಳು. ಮಾವ ಬಾಯಿಗೆ ಬೆರಳಿಟ್ಟು ನನಗೆ ಸನ್ನೆ ಮಾಡಿ ಹೊರಗೆ ಹೋದರು. ಗೋಡೆಗೆ ಬೆನ್ನು ಹಚ್ಚಿ ನಿಂತೆ. ಮೊಳದ ಲೆಕ್ಕ ಬೆರಳಿನಷ್ಟೂ ತಪ್ಪಿರಲಿಲ್ಲ, ಅಕ್ಕ, ಮಗ್ಗ, ಮೇಲಿನ ಬೆಳಕಿಂಡಿ ಎಲ್ಲವೂ ಚೌಕಟ್ಟಿನೊಳಗೆ ಬಂದವು. ಜೋಳದ ನುಚ್ಚಿನ ಸುಳಿವಿಲ್ಲ. ಒಂದು ಹೆಜ್ಜೆ ಮುಂದೆ ಹೋದೆ. ಇನ್ನೊಂದು. ಕಾಲಿನಿಂದಲೇ ಜೂಮ್ ಮಾಡುತ್ತಾ ಮಾಡುತ್ತಾ ಕೊನೆಗೆ ಅಕ್ಕನಿಂದ ಒಂದು ಮೊಳದಷ್ಟು ದೂರದಲ್ಲಿ ಮಂಡಿಯೂರಿದೆ. ಇಷ್ಟು ಹತ್ತಿರದಿಂದ ಅವಳನ್ನು ನೋಡಿ ಎಷ್ಟು ಕಾಲವಾಗಿತ್ತೋ. ಉಗುರಿನ ಬುಡದಲ್ಲಿ ಕೆಂಪು ಬಣ್ಣ, ಹಣೆಯ ವಿಭೂತಿ ಬೆವರಿಗೆ ಕರಗಿ ಹುಬ್ಬಿಗಿಳಿದಿತ್ತು. ಎಳೆಗಳನ್ನು ಅವಳು ನೋಡುತ್ತಿರಲಿಲ್ಲ, ಬೆರಳುಗಳಿಂದ ಕೇಳುತ್ತಿದ್ದಳು.

ನನ್ನ ಕ್ಯಾಮೆರಾ ಮನುಷ್ಯರ ಕಣ್ಣನ್ನು ತಾನೇ ಹುಡುಕಿ ಅದಕ್ಕೆ ನೋಟ ಕೂಡಿಸುತ್ತದೆ. ಬಾಗಿದ ತಲೆ, ದಪ್ಪ ಚಷ್ಮಾದ ಹಿಂದೆ ಅದಕ್ಕೆ ಅಕ್ಕನ ಕಣ್ಣು ಸಿಗಲೊಲ್ಲದು. ಹುಡುಕಿತು, ಸೋತಿತು, ಮತ್ತೆ ಹುಡುಕಿತು. ಈ ಕಣ್ಣು ಮುಂದಿನ ವಾರ ಹೇಗಿರುತ್ತದೋ ಎಂಬ, ಪಟ್ಟಿಯಲ್ಲಿ ನಾನು ಬರೆಯದೇ ಬಿಟ್ಟಿದ್ದ ಆ ಮಾತು ನೆನಪಾಗಿ, ಏನು ಮಾಡುತ್ತಿದ್ದೇನೆಂದು ತಿಳಿಯುವ ಮೊದಲೇ ಮೆಲ್ಲಗೆ ಅಂದುಬಿಟ್ಟೆ:

"ಅಕ್ಕಾ."

ಅವಳು ತಲೆ ಎತ್ತಲಿಲ್ಲ. ಕೈ ಒಂದು ಕ್ಷಣ ನಿಂತು, ಮುಂದೆ ನಡೆಯಿತು. ನಾನು ಗುಂಡಿ ಒತ್ತಿದೆ. ಅಂದು ಕೊನೆಯ ಎಳೆಯ ತನಕ ಉಸಿರು ಹಿಡಿದು ಕೂತಿದ್ದೆ. ಕೆಲಸ ಮುಗಿದ ಮೇಲೂ ಅಕ್ಕ ಬೈಯಲಿಲ್ಲ.

ಮುಂದಿನ ವಾರ ಶಸ್ತ್ರಚಿಕಿತ್ಸೆ ಆಯಿತು. ಆಸ್ಪತ್ರೆಯ ಬೆಂಚಿನ ಮೇಲೆ ಕೂತಾಗ ನನಗೆ ತಿಳಿಯಿತು, ಇಡೀ ತಿಂಗಳು ಗಾಜಿನ ಚಿಂತೆ ಮಾಡಿದ್ದು ಕಣ್ಣಿನ ಚಿಂತೆ ಮಾಡುವ ಎದೆಯಿಲ್ಲದ್ದಕ್ಕೆ. ಮರುದಿನ ಪಟ್ಟಿ ಬಿಚ್ಚಿದರು. ಅಕ್ಕ ಮೊದಲು ನೋಡಿದ್ದು ವೈದ್ಯರನ್ನಲ್ಲ, ನನ್ನನ್ನೂ ಅಲ್ಲ. ತನ್ನ ಸೆರಗಿನ ಅಂಚನ್ನು ಕಣ್ಣಿನ ಹತ್ತಿರ ತಂದು, ಅಲ್ಲಿ ಯಾರೋ ಬಹಳ ದಿನಗಳ ಮೇಲೆ ಭೇಟಿಯಾದಂತೆ ನೋಡಿದಳು.

ಕಣ್ಣು ಪೂರ್ತಿ ವಾಸಿಯಾದ ಮೇಲೆ, ಆ ಚಿತ್ರವನ್ನು ದೊಡ್ಡದಾಗಿ ಪ್ರಿಂಟು ಹಾಕಿಸಿ ಇಳಕಲ್ಲಿಗೆ ಒಯ್ದೆ. ಕಣ್ಣು ಸಿಗದ ಕ್ಯಾಮೆರಾ ಕೊನೆಗೆ ಎಳೆಗಳಿಗೆ ಒಲಿದಿತ್ತು: ಅಕ್ಕನ ಮುಖ ಹಿಂದೆ ಮಂಜಿನಲ್ಲಿದ್ದಂತೆ, ಮುಂದೆ ಬೆರಳುಗಳ ನಡುವೆ ಒಂದೊಂದು ಎಳೆಯೂ ಎಣಿಸುವ ಹಾಗೆ. ಮುಖ ಮಸುಕಾಯಿತೆಂದು ನಾನು ಕ್ಷಮೆ ಕೇಳುವ ತಯಾರಿಯಲ್ಲಿದ್ದೆ. ಅಕ್ಕ ಮುಖ ನೋಡಲೇ ಇಲ್ಲ. ಚಿತ್ರವನ್ನು ಗೇಣು ದೂರದಲ್ಲಿ ಹಿಡಿದು, ತುಟಿ ಅಲುಗಿಸುತ್ತಾ ಎಣಿಸತೊಡಗಿದಳು. ನಾನು ಮಾತಾಡಲಿಲ್ಲ. ಅಷ್ಟು ಬುದ್ಧಿ ಬಂದಿತ್ತು. ಎಣಿಸುತ್ತಾ ಎಣಿಸುತ್ತಾ ಅವಳ ಬೆರಳು ಒಂದು ಕಡೆ ನಿಂತಿತು.

"ತಮ್ಮಾ, ಸನೇಕ ಬಾ. ಇಲ್ಲಿ ನೋಡು. ಈ ಎಳಿ ತನ್ನ ಜೋಡಿ ಬಿಟ್ಟು ಮಗ್ಗಲದ್ದರ ಸಂಗಾಟ ಕೂಡೇತಿ."

ನಾನು ಕನ್ನಡಕ ಹಣೆಗೇರಿಸಿ ಬಾಗಿ ನೋಡಿದೆ. ಹೌದು. ಅಷ್ಟೂ ಎಳೆಗಳಲ್ಲಿ ಒಂದೇ ಒಂದು. ನನ್ನ ಪಟ್ಟಿಯ ಹದಿನೇಳು ಸಂಗತಿಗಳಲ್ಲಿ ಒಂದೂ ಕೆಡಲಿಲ್ಲ. ಪಟ್ಟಿಯಲ್ಲಿ ಇರದಿದ್ದವನು ನಾನೊಬ್ಬನೇ. ಆ ಸೀರೆ ಎಂದೋ ಮನೆ ಬಿಟ್ಟು ಹೋಗಿತ್ತು, ಈಗ ಯಾವ ಊರಲ್ಲಿ ಯಾರ ಹೆಗಲ ಮೇಲಿದೆಯೋ.

ಅಕ್ಕ ಆ ಎಳೆಯ ಮೇಲಿನ ಬೆರಳು ತೆಗೆಯದೆ, ಹೊಸ ಕಣ್ಣಿನಿಂದ ನನ್ನ ಮುಖವನ್ನು ಹತ್ತಿರದಿಂದ ನೋಡಿ ನಕ್ಕಳು.

"ನೀ ಅಕ್ಕಾ ಅಂದಿದ್ದು ಈ ಎಳಿ ಕೂಡ್ಸುವಾಗ."