ಕೇಳುವವರೆಗೂ ಮಾಡದ ಕೆಲಸ

ಕಮರ್ಷಿಯಲ್ ಸ್ಟ್ರೀಟಿನ ಹಿಂದಿನ ಗಲ್ಲಿಯ ಟೈಲರ್ ಮಾಸ್ಟರಿಗೆ ನಾನೊಂದು ಪ್ರೋಗ್ರಾಂ ಬರೆದುಕೊಟ್ಟಿದ್ದೆ. ಅವರ ಪಟ್ಟಿಯಲ್ಲಿ ‘ರೆಡಿ’ ಎಂದಿರುವ ನಲವತ್ತು ಗಿರಾಕಿಗಳಿಗೂ ‘ನಿಮ್ಮ ಬ್ಲೌಸ್ ಸಿದ್ಧವಾಗಿದೆ, ಬನ್ನಿ’ ಎಂಬ ಮೆಸೇಜ್ ಹೋಗಬೇಕಿತ್ತು. ಮರುದಿನ ಮದುವೆಗಳ ಮುಹೂರ್ತ. ಅಂಗಡಿಯಲ್ಲೇ ಕೂತು ಓಡಿಸಿದೆ. ತಪ್ಪೇನೂ ತೋರಿಸಲಿಲ್ಲ, ಮೆಸೇಜೂ ಹೋಗಲಿಲ್ಲ. ಎರಡನೆಯ ಸಲವೂ ಅಷ್ಟೇ. ಬರೆದದ್ದನ್ನೆಲ್ಲ ಮೊದಲಿನಿಂದ ಓದತೊಡಗಿದೆ.

“ಏನ್ ಸಾರ್, ನಿಮ್ ಮಿಷನ್ ನಿದ್ದೆ ಮಾಡ್ತಾ ಇದೆಯಾ?” ಎಂದರು ಮಾಸ್ಟರ್.

ಕೊನೆಗೆ ಹೊಳೆಯಿತು. ಪಟ್ಟಿಯನ್ನೂ, ಅದರ ಪ್ರತಿ ಹೆಸರಿಗೂ ಮಾಡಬೇಕಾದ ಕೆಲಸವನ್ನೂ ನಾನು ಪ್ರೋಗ್ರಾಮಿಂಗ್ ಭಾಷೆಯಲ್ಲೇ ಸಿದ್ಧವಾಗಿರುವ ‘ಮ್ಯಾಪ್’ ಎಂಬ ಫಂಕ್ಷನ್ನಿಗೆ ವಹಿಸಿದ್ದೆ. ಅದು ಒಪ್ಪಿಕೊಳ್ಳುತ್ತದೆ. ಆದರೆ ಫಲಿತಾಂಶ ಎಲ್ಲಿ ಎಂದು ಯಾರಾದರೂ ಕೇಳುವವರೆಗೂ ಕೆಲಸ ಶುರು ಮಾಡುವುದಿಲ್ಲ. ಹಾಗೆ ಕೇಳುವ ಒಂದು ಪದ ಸೇರಿಸಿದೆ. ನಲವತ್ತೂ ಮೆಸೇಜ್ ಹೋದವು. ನಾಚಿಕೆಯಿಂದಲೇ ಕಾರಣ ವಿವರಿಸಿದೆ.

“ಅದ್ರಲ್ಲೇನಿದೆ ಸಾರ್, ನಮ್ದೂ ಹಂಗೇ,” ಎಂದು ಮಾಸ್ಟರ್ ಸಮಾಧಾನ ಹೇಳಿದರು. “ಗಿರಾಕಿ ಬಂದು ಕೇಳೋವರ್ಗೂ ಬಟ್ಟೆಗೆ ಕತ್ತರಿ ಹಾಕಲ್ಲ.”

“ಮತ್ತೆ ಪಟ್ಟೀಲಿ ಎಲ್ಲಾ ರೆಡಿ ಅಂತ ಇದೆಯಲ್ಲ?”

“ಅದು ಬಟ್ಟೆ ತಗೊಳ್ವಾಗ್ಲೇ ಬರ್ದ್‌ಬಿಡ್ತೀವಿ ಸಾರ್.”

ಅಷ್ಟರಲ್ಲಿ ಅಂಗಡಿಯ ಮುಂದೆ ಮೊದಲ ಆಟೊ ನಿಂತಿತು. ಮಾಸ್ಟರ್ ಕತ್ತರಿ ಹುಡುಕತೊಡಗಿದರು. ನನ್ನ ಪ್ರೋಗ್ರಾಂನಲ್ಲಿ ಮಾತ್ರ ಆಮೇಲೆ ಒಂದು ದೋಷವೂ ಕಂಡುಬಂದಿಲ್ಲ.